ಓದುಗರು ನಂಬುವ ಅಕ್ಷರ: ಕನ್ನಡ ಬರಹಕ್ಕೆ ಫಾಂಟ್ ಆರಿಸುವವರಿಗೆ ಸಮಗ್ರ ಮಾರ್ಗದರ್ಶಿ

ಪತ್ತಿನ ಸಹಕಾರ ಸಂಘವೊಂದು ತನ್ನ ಸದಸ್ಯರಿಗೆ ಹಂಚಬೇಕಿದ್ದ ಸೂಚನಾಪತ್ರವನ್ನು ಹಿಂದೊಮ್ಮೆ ನಾನು ಸಿದ್ಧಪಡಿಸಿಕೊಟ್ಟಿದ್ದೆ. ಅದಕ್ಕೆ ಆರಿಸಿದ್ದು ತೆಳ್ಳಗಿನ, ನಾಜೂಕಾದ ಒಂದು ಫಾಂಟ್. ಪರದೆಯ ಮೇಲೆ ಅದು ಬಹಳ ಸೊಗಸಾಗಿ ಕಾಣುತ್ತಿತ್ತು. ಎರಡು ಪುಟದ ವಿಷಯವನ್ನು ಒಂದೇ ಪುಟಕ್ಕೆ ಹಿಡಿಸುವ ಆಸೆಯಿಂದ ಅಕ್ಷರವನ್ನು ಒಂಬತ್ತು ಪಾಯಿಂಟಿಗೆ ಇಳಿಸಿದವನೂ ನಾನೇ. ಆ ಪತ್ರದ ಜೆರಾಕ್ಸ್, ಆ ಜೆರಾಕ್ಸಿನ ಜೆರಾಕ್ಸ್ ಎಂದು ಊರೆಲ್ಲ ಹಂಚಿಹೋಗುವ ಹೊತ್ತಿಗೆ ‘ಠೇವಣಿ’ಯ ಠಕಾರದೊಳಗಿನ ಚುಕ್ಕೆ ಅಳಿಸಿ ಅದು ‘ರೇವಣಿ’ಯಾಗಿತ್ತು, ‘ಸಹಾಯಧನ’ದ ಧಕಾರ ತನ್ನ ಸೀಳನ್ನು ಕಳೆದುಕೊಂಡು, ಸಂಘವು ಸದಸ್ಯರಿಗೆ ‘ಸಹಾಯದನ’ ಕೊಡಲು ಹೊರಟಂತಿತ್ತು. ನಕ್ಕವರು ನಕ್ಕರು. ಆದರೆ ವಯಸ್ಸಾದ ಠೇವಣಿದಾರರೊಬ್ಬರು ಪತ್ರ ಹಿಡಿದುಕೊಂಡೇ ಕಚೇರಿಗೆ ಬಂದು, ಇದು ಸಂಘದಿಂದಲೇ ಬಂದದ್ದೋ ಅಥವಾ ಯಾರಾದರೂ ಕಿಡಿಗೇಡಿಗಳು ಅಚ್ಚು ಹಾಕಿಸಿದ್ದೋ ಎಂದು ವಿಚಾರಿಸಿದರಂತೆ. ಒಕ್ಕಣೆಯಲ್ಲಿ ಒಂದು ತಪ್ಪೂ ಇರಲಿಲ್ಲ. ಅನುಮಾನ ಹುಟ್ಟಿಸಿದ್ದು ಅಕ್ಷರದ ಆಕಾರ.

ಸೂಚನೆ, ಅರ್ಜಿ ನಮೂನೆ, ವಾರ್ಷಿಕ ವರದಿ, ಆಸ್ಪತ್ರೆಯ ಕರಪತ್ರ, ಸಂಸ್ಥೆಯ ಜಾಲತಾಣ — ಓದುಗರು ನಂಬಿ ಮುಂದಿನ ಹೆಜ್ಜೆ ಇಡಬೇಕಾದ ಇಂಥ ಬರಹಗಳಿಗೆ ಕನ್ನಡ ಫಾಂಟನ್ನು ಹೇಗೆ ಆರಿಸಬೇಕು, ಹೇಗೆ ಪರೀಕ್ಷಿಸಬೇಕು, ಓದುಗರ ಕೈಗೆ ಹೇಗೆ ಕೆಡದಂತೆ ತಲುಪಿಸಬೇಕು ಎಂಬುದನ್ನು ಇಲ್ಲಿ ಹಂತ ಹಂತವಾಗಿ ವಿವರಿಸಿದ್ದೇನೆ. ಕನ್ನಡದ ಮಟ್ಟಿಗೆ ಫಾಂಟಿನ ಚೆಲುವಿಗಿಂತ ಅದು ಒಡೆಯದೆ ಉಳಿಯುವ ಗುಣವೇ ಓದುಗರ ವಿಶ್ವಾಸವನ್ನು ಕಾಯುತ್ತದೆ ಎಂಬುದು ನನ್ನ ನಿಲುವು. ಮುಂದಿನ ಹಂತಗಳೆಲ್ಲ ಆ ನಿಲುವಿನ ಮೇಲೆಯೇ ನಿಂತಿವೆ.

ಮೊದಲಿಗೆ: ಅಕ್ಷರದ ಪ್ರಭಾವ ಎಷ್ಟು?

ಈ ವಿಷಯದಲ್ಲಿ ಉತ್ಪ್ರೇಕ್ಷೆ ಬಹಳ. ಇಂಥ ಫಾಂಟ್ ಬಳಸಿದರೆ ಜನ ನಂಬುತ್ತಾರೆ, ಇಂಥದ್ದನ್ನು ಬಳಸಿದರೆ ನಂಬುವುದಿಲ್ಲ ಎಂದು ಖಡಾಖಂಡಿತವಾಗಿ ಹೇಳುವವರ ಮಾತನ್ನು ಸ್ವಲ್ಪ ಎಚ್ಚರದಿಂದಲೇ ಕೇಳಬೇಕು. ಎರಡು ಪ್ರಯೋಗಗಳನ್ನು ಗಮನಿಸಿದರೆ ಸಾಕು.

2012ರಲ್ಲಿ ಅಮೆರಿಕದ ಚಿತ್ರನಿರ್ದೇಶಕ ಎರಾಲ್ ಮಾರಿಸ್ ಅವರು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ಜಾಲತಾಣದಲ್ಲಿ ಓದುಗರಿಗೆ ಒಂದು ಸಣ್ಣ ಪ್ರಶ್ನಾವಳಿ ಕೊಟ್ಟರು. ಕ್ಷುದ್ರಗ್ರಹಗಳ ಅಪಾಯದಿಂದ ಮನುಷ್ಯ ತನ್ನನ್ನು ರಕ್ಷಿಸಿಕೊಳ್ಳಬಲ್ಲನೇ ಎಂಬ ಕುರಿತ ಒಂದು ಭಾಗವನ್ನು ಓದಿ, ಅದರಲ್ಲಿನ ಹೇಳಿಕೆ ನಿಜವೆಂದು ಅನಿಸುತ್ತದೆಯೇ, ಎಷ್ಟು ಖಚಿತವಾಗಿ ಅನಿಸುತ್ತದೆ ಎಂದು ತಿಳಿಸಬೇಕಿತ್ತು. ಓದುಗರ ಮನೋಭಾವವನ್ನು ಅಳೆಯುವ ಪರೀಕ್ಷೆಯಂತೆ ಅದು ಕಾಣುತ್ತಿತ್ತು. ಆದರೆ ಆ ಭಾಗ ಬೇರೆ ಬೇರೆ ಓದುಗರಿಗೆ ಬಾಸ್ಕರ್‌ವಿಲ್, ಜಾರ್ಜಿಯಾ, ಹೆಲ್ವೆಟಿಕಾ, ಟ್ರೆಬುಶೆ, ಕಂಪ್ಯೂಟರ್ ಮಾಡರ್ನ್, ಕಾಮಿಕ್ ಸ್ಯಾನ್ಸ್ ಎಂಬ ಆರು ಫಾಂಟುಗಳಲ್ಲಿ ಒಂದರಲ್ಲಿ ಕಾಣಿಸುತ್ತಿತ್ತು. ಸುಮಾರು 45 ಸಾವಿರ ಮಂದಿ ಉತ್ತರಿಸಿದರು. ಹದಿನೆಂಟನೆಯ ಶತಮಾನದ ಇಂಗ್ಲಿಷ್ ಅಚ್ಚುಗಾರನ ಹೆಸರು ಹೊತ್ತ ಬಾಸ್ಕರ್‌ವಿಲ್‌ನಲ್ಲಿ ಓದಿದವರು ಹೇಳಿಕೆಯನ್ನು ಒಪ್ಪುವ ಕಡೆಗೆ ಸ್ವಲ್ಪ ಹೆಚ್ಚಾಗಿ ವಾಲಿದರು. ಈ ‘ಸ್ವಲ್ಪ’ ಎಂಬುದು ಶೇಕಡಾ ಒಂದೂವರೆಯ ಆಸುಪಾಸಿನದು. ಸಾವಿರಾರು ಜನ ಓದುವ ಪ್ರಕಟಣೆಗೆ ಅದೂ ಲೆಕ್ಕಕ್ಕೆ ಬರಬಹುದು. ನಮ್ಮ ಸಂಘದ ಮುನ್ನೂರು ಸದಸ್ಯರ ನಡುವೆ ಅದು ಕಣ್ಣಿಗೂ ಬೀಳದು.

ಇನ್ನೊಂದು ಪ್ರಯೋಗ ನನಗೆ ಹೆಚ್ಚು ಉಪಯುಕ್ತವೆನಿಸಿದೆ. ಮಿಶಿಗನ್ ವಿಶ್ವವಿದ್ಯಾಲಯದ ಹ್ಯುಂಜಿನ್ ಸಾಂಗ್ ಮತ್ತು ನಾರ್ಬರ್ಟ್ ಶ್ವಾರ್ಜ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದೇ ವ್ಯಾಯಾಮದ ಸೂಚನೆಗಳನ್ನು ಕೆಲವರಿಗೆ ಸರಳವಾದ ಏರಿಯಲ್‌ನಲ್ಲೂ ಉಳಿದವರಿಗೆ ಕುಂಚದಲ್ಲಿ ಬರೆದಂತಿರುವ, ಓದಲು ಕಷ್ಟವಾದ ಫಾಂಟಿನಲ್ಲೂ ಕೊಡಲಾಗಿತ್ತು. ಏರಿಯಲ್‌ನಲ್ಲಿ ಓದಿದವರು ಆ ವ್ಯಾಯಾಮಕ್ಕೆ ಸರಾಸರಿ 8.2 ನಿಮಿಷ ಹಿಡಿಯಬಹುದೆಂದು ಅಂದಾಜು ಮಾಡಿದರೆ, ಕಷ್ಟದ ಅಕ್ಷರದಲ್ಲಿ ಓದಿದವರು 15.1 ನಿಮಿಷ ಎಂದರು. ಅದನ್ನು ಮಾಡುವ ಉತ್ಸಾಹವೂ ಅವರಲ್ಲಿ ಕಡಿಮೆಯಿತ್ತು. ಓದಿನ ಶ್ರಮವನ್ನು ಅವರು ಕೆಲಸದ ಶ್ರಮವೆಂದೇ ತಿಳಿದಿದ್ದರು. ಅರ್ಜಿ ನಮೂನೆಗಳನ್ನು ತಯಾರಿಸುವವರು ಇದನ್ನು ಗೋಡೆಗೆ ಅಂಟಿಸಿಕೊಳ್ಳಬೇಕು.

ಓದಲು ಕಷ್ಟವಾದರೆ ನೆನಪಿನಲ್ಲಿ ಚೆನ್ನಾಗಿ ಉಳಿಯುತ್ತದೆ ಎಂಬ ವಾದವೂ ಒಂದಿದೆ. ಮೆಲ್ಬರ್ನ್‌ನ ಆರ್‌ಎಂಐಟಿ ವಿಶ್ವವಿದ್ಯಾಲಯ 2018ರಲ್ಲಿ ‘ಸ್ಯಾನ್ಸ್ ಫರ್ಗೆಟಿಕಾ’ ಎಂಬ ಫಾಂಟನ್ನು ಇದೇ ನೆಪದಲ್ಲಿ ಬಿಡುಗಡೆ ಮಾಡಿತು. ಮುಂದೆ ನಡೆದ ಸ್ವತಂತ್ರ ಪರೀಕ್ಷೆಗಳಲ್ಲಿ ಆ ಲಾಭ ಕಾಣಲಿಲ್ಲ. ಆದ್ದರಿಂದ ಓದುಗರಿಗೆ ಬೇಕೆಂದೇ ತೊಂದರೆ ಕೊಡುವ ಯೋಚನೆಯನ್ನು ಬಿಟ್ಟುಬಿಡಿ.

ಒಂದನೆಯ ಹಂತ: ಓದುವವರನ್ನೂ ಓದುವ ಜಾಗವನ್ನೂ ಬರೆದುಕೊಳ್ಳಿ

ಫಾಂಟುಗಳ ಪಟ್ಟಿಯನ್ನು ತೆರೆಯುವ ಮೊದಲು ಒಂದು ಚೀಟಿಯಲ್ಲಿ ನಾಲ್ಕು ಸಾಲು ಬರೆಯಿರಿ: ಇದನ್ನು ಓದುವವರ ವಯಸ್ಸೇನು, ಯಾವುದರ ಮೇಲೆ ಓದುತ್ತಾರೆ, ಎಷ್ಟು ದೂರದಿಂದ ಓದುತ್ತಾರೆ, ಓದಿದ ಮೇಲೆ ಏನು ಮಾಡಬೇಕು. ನನ್ನ ಸೂಚನಾಪತ್ರದ ಚೀಟಿ ಹೀಗಿರಬೇಕಿತ್ತು: ಅರವತ್ತು ದಾಟಿದವರೇ ಹೆಚ್ಚು, ಜೆರಾಕ್ಸ್ ಪ್ರತಿ ಅಥವಾ ವಾಟ್ಸಾಪ್‌ನಲ್ಲಿ ಬಂದ ಚಿತ್ರ, ಕೈಯಳತೆಯ ದೂರ, ಮನೆಯ ಮಂದ ಬೆಳಕು, ಇಂತಿಷ್ಟು ದಿನದೊಳಗೆ ಬಂದು ಠೇವಣಿ ನವೀಕರಿಸಬೇಕು. ಈ ನಾಲ್ಕು ಸಾಲು ನನ್ನೆದುರು ಇದ್ದಿದ್ದರೆ ತೆಳು ಅಕ್ಷರದ ಆಯ್ಕೆ ಅಲ್ಲೇ ಬಿದ್ದುಹೋಗುತ್ತಿತ್ತು.

ಎರಡನೆಯ ಹಂತ: ಓದುಗರ ಕಣ್ಣಿಗೆ ಒಗ್ಗಿದ ಆಕಾರದಿಂದ ಆರಂಭಿಸಿ

ಅಕ್ಷರ ಪರಿಚಿತವಾಗಿದ್ದರೆ ಓದುಗರ ಕಣ್ಣಿಗೆ ಅದು ಕಾಣುವುದೇ ಇಲ್ಲ. ವಿಷಯ ಮಾತ್ರ ಕಾಣುತ್ತದೆ. ಕನ್ನಡದ ಓದುಗರಿಗೆ ಪರಿಚಿತವಾದದ್ದು ಪಠ್ಯಪುಸ್ತಕ ಮತ್ತು ದಿನಪತ್ರಿಕೆಗಳ ಅಕ್ಷರ, ಅಂದರೆ ಗೆರೆ ಒಂದೆಡೆ ದಪ್ಪವಾಗಿ ಇನ್ನೊಂದೆಡೆ ತೆಳುವಾಗುತ್ತ ಸಾಗುವ ಮೊಳೆಯಚ್ಚಿನ ಕಾಲದ ಆಕಾರ. 1894ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಅಚ್ಚಾದ ಕಿಟೆಲ್ ಅವರ ನಿಘಂಟನ್ನು ಇಂದು ತೆರೆದರೂ ಅಕ್ಷರಗಳು ಅನ್ಯವೆನಿಸುವುದಿಲ್ಲ. ಅದೇ ದಾರಿಯಲ್ಲಿ ನಡೆಯುವ ಇಂದಿನ ಉಚಿತ ಫಾಂಟುಗಳಲ್ಲಿ ನೋಟೋ ಸೆರಿಫ್ ಕನ್ನಡ ಮತ್ತು ಟೀರೊ ಕನ್ನಡ ಮುಖ್ಯವಾದವು. ಟೀರೊದಲ್ಲಿ ದಪ್ಪಕ್ಷರದ ಆವೃತ್ತಿ ಇಲ್ಲವೆಂಬುದು ನೆನಪಿರಲಿ. ಪುಸ್ತಕದ ಒಡಲಿಗೆ ಅದು ಸೊಗಸು, ನಮೂನೆಗಳಿಗೆ ಸಾಲದು.

ಎಲ್ಲೆಡೆ ಸಮ ದಪ್ಪದ ಗೆರೆಯುಳ್ಳ ನೋಟೋ ಸ್ಯಾನ್ಸ್ ಕನ್ನಡ, ಅನೇಕ್ ಕನ್ನಡದಂಥವು ಮೊಬೈಲ್ ಪರದೆಯಲ್ಲಿ ಮತ್ತು ಕಳಪೆ ಮುದ್ರಣದಲ್ಲಿ ಚೆನ್ನಾಗಿ ಬಾಳುತ್ತವೆ. ವಿಂಡೋಸ್ ಗಣಕಗಳಲ್ಲಿ ಮೊದಲಿನಿಂದ ಬರುತ್ತಿದ್ದ ತುಂಗಾ ಮತ್ತು ಆಮೇಲೆ ಬಂದ ನಿರ್ಮಲಾ ಯುಐ ಕಚೇರಿ ಪತ್ರಗಳಲ್ಲಿ ಎಷ್ಟು ಹಾಸುಹೊಕ್ಕಾಗಿವೆ ಎಂದರೆ, ಅವುಗಳ ಬಗ್ಗೆ ಯಾರಿಗೂ ಒಲವೂ ಇಲ್ಲ, ಹಗೆಯೂ ಇಲ್ಲ. ಸೂಚನಾಪತ್ರಕ್ಕೆ ಅದು ಒಳ್ಳೆಯ ಗುಣವೇ. ದುಂಡು ದುಂಡಾದ ಬಾಲೂ ತಮ್ಮ ಮಕ್ಕಳ ಕಾರ್ಯಕ್ರಮದ ಭಿತ್ತಿಪತ್ರಕ್ಕೆ ಹೇಳಿ ಮಾಡಿಸಿದಂತಿದೆ. ಅದರಲ್ಲಿ ಬಡ್ಡಿದರದ ಪರಿಷ್ಕರಣೆಯನ್ನು ಪ್ರಕಟಿಸಿದರೆ ಓದುಗರು ಸಂಘವನ್ನೇ ಹಗುರವಾಗಿ ಕಂಡಾರು.

ಇಲ್ಲೊಂದು ಮಾತು ಸೇರಿಸಬೇಕು. 2012ರ ಜುಲೈ 4ರಂದು ಯುರೋಪಿನ ಭೌತವಿಜ್ಞಾನ ಸಂಶೋಧನಾ ಕೇಂದ್ರವಾದ ಸರ್ನ್ ಸಂಸ್ಥೆಯಲ್ಲಿ ಹಿಗ್ಸ್ ಬೋಸಾನ್ ಎಂಬ ಮೂಲಕಣದ ಕುರಿತ ಫಲಿತಾಂಶವನ್ನು ಮಂಡಿಸಿದ ವಿಜ್ಞಾನಿ ಫ್ಯಾಬಿಯೋಲಾ ಜಿಯನೋಟಿ ಅವರ ಸ್ಲೈಡುಗಳು ಮಕ್ಕಳ ಚಿತ್ರಕಥೆಯ ಕೈಬರಹದಂತೆ ಕಾಣುವ ಕಾಮಿಕ್ ಸ್ಯಾನ್ಸ್‌ನಲ್ಲಿದ್ದವು. ಲೋಕ ನಕ್ಕಿತು, ಫಲಿತಾಂಶಕ್ಕೆ ಏನೂ ಆಗಲಿಲ್ಲ. ಆದರೆ ಆ ಮಂಡನೆಯ ಹಿಂದೆ ಸರ್ನ್‌ನಂಥ ಸಂಸ್ಥೆಯ ಹೆಸರಿತ್ತು. ಹೆಸರು ಇನ್ನೂ ಬೆಳೆಯಬೇಕಾದವರಿಗೆ ಆ ಸಲುಗೆ ಸಿಗುವುದಿಲ್ಲ.

ಹಾಗೆ ಮೂರಕ್ಕಿಂತ ಹೆಚ್ಚಿಲ್ಲದಂತೆ ಫಾಂಟುಗಳನ್ನು ಆರಿಸಿಟ್ಟುಕೊಂಡು ಮುಂದಿನ ಹಂತಕ್ಕೆ ಬನ್ನಿ. ಈ ಮಾರ್ಗದರ್ಶಿಯ ತಿರುಳು ಅಲ್ಲಿದೆ.

ಮೂರನೆಯ ಹಂತ: ಅಕ್ಷರ ಒಡೆಯುವ ಜಾಗಗಳನ್ನು ಪರೀಕ್ಷಿಸಿ

ಇಂಗ್ಲಿಷಿನಲ್ಲಿ ಫಾಂಟ್ ಬದಲಾದರೆ ಬರಹದ ವೇಷ ಬದಲಾಗುತ್ತದೆ, ಅಷ್ಟೇ. ಕನ್ನಡದಲ್ಲಿ ಫಾಂಟ್ ಸರಿಯಿಲ್ಲದಿದ್ದರೆ ಕಾಗುಣಿತವೇ ಕೆಡುತ್ತದೆ. ತಲಕಟ್ಟು, ಗುಡಿಸು, ಕೊಂಬು, ವಟ್ರಸುಳಿ, ಒತ್ತಕ್ಷರ, ಅರ್ಕಾವತ್ತು ಇವೆಲ್ಲ ಮೂಲಾಕ್ಷರದ ಸುತ್ತ ನಾಲ್ಕೂ ಕಡೆ ಕೂರಬೇಕು. ಕೂರಿಸುವ ಕೆಲಸ ಫಾಂಟಿನೊಳಗಿನ ನಿಯಮಗಳದು. ಕೆಟ್ಟದ್ದನ್ನು ಕಂಡ ಓದುಗರು ಫಾಂಟಿನ ದೋಷವೆಂದು ಹೇಳುವುದಿಲ್ಲ, ಬರೆದವರಿಗೆ ಕನ್ನಡ ಬರುವುದಿಲ್ಲ ಎನ್ನುತ್ತಾರೆ. ಕನ್ನಡ ಬಾರದವರು ಬರೆದ ಪತ್ರವೆಂದರೆ ಅದು ನಕಲಿಯೋ ಅಸಡ್ಡೆಯದೋ ಇರಬೇಕೆಂಬ ತೀರ್ಮಾನಕ್ಕೆ ಬರಲು ಅವರಿಗೆ ಹೆಚ್ಚು ಹೊತ್ತು ಬೇಡ.

ಹೀಗಾಗಿ ನಾನು ಒಂದು ಪರೀಕ್ಷಾಪಟ್ಟಿ ಇಟ್ಟುಕೊಂಡಿದ್ದೇನೆ. ಪ್ರತಿಯೊಂದು ಫಾಂಟಿನಲ್ಲೂ ಈ ಪದಗಳನ್ನು ಹದಿನಾಲ್ಕು, ಹನ್ನೊಂದು, ಒಂಬತ್ತು ಪಾಯಿಂಟುಗಳಲ್ಲಿ ಅಚ್ಚು ತೆಗೆಯಿರಿ: ಠೇವಣಿ, ಸಹಾಯಧನ, ಫಲಾನುಭವಿ, ದೃಢೀಕರಣ, ಅರ್ಥವ್ಯವಸ್ಥೆ, ರಾಷ್ಟ್ರೀಯ, ಸ್ತ್ರೀಶಕ್ತಿ, ಕರ್ತೃ, ಕಾರ್ಯಾಧ್ಯಕ್ಷ, ಜ್ಞಾಪನ, ಸಾಫ್ಟ್‌ವೇರ್, ರಾಜ್‌ಕುಮಾರ್.

ಮೊದಲ ಐದು ಪದಗಳಲ್ಲಿ ನೋಡಬೇಕಾದದ್ದು ಮಹಾಪ್ರಾಣದ ಗುರುತುಗಳನ್ನು. ದಕಾರ, ಧಕಾರ, ಥಕಾರಗಳ ನಡುವಿನ ಅಂತರ ಒಂದು ಸೀಳು, ಒಂದು ಚುಕ್ಕೆಯಷ್ಟೇ. ರಕಾರ ಠಕಾರಗಳದೂ ಅದೇ ಪಾಡು. ತೆಳು ಫಾಂಟಿನಲ್ಲಿ ಈ ಗುರುತು ಅಳಿಸುತ್ತದೆ, ತೀರಾ ದಪ್ಪ ಫಾಂಟಿನಲ್ಲಿ ಶಾಯಿ ತುಂಬಿ ಮುಚ್ಚಿಹೋಗುತ್ತದೆ. ಎರಡರ ನಡುವೆ ಯಾವ ದಪ್ಪ ಉಳಿಯುತ್ತದೆಂದು ತಿಳಿಯುವ ದಾರಿ ಒಂದೇ: ಅಚ್ಚಾದ ಹಾಳೆಯನ್ನು ಜೆರಾಕ್ಸ್ ಮಾಡಿಸಿ, ಆ ಜೆರಾಕ್ಸನ್ನು ಇನ್ನೊಮ್ಮೆ ಜೆರಾಕ್ಸ್ ಮಾಡಿಸಿ, ಪದಗಳನ್ನು ಮೊದಲೇ ಕಂಡಿರದ ಒಬ್ಬರಿಂದ ಗಟ್ಟಿಯಾಗಿ ಓದಿಸುವುದು. ಖರ್ಚು ಕೆಲವೇ ರೂಪಾಯಿ. ನಾನು ಅಂದು ಇದನ್ನು ಮಾಡಿದ್ದರೆ ದನಗಳ ಮಾತು ಬರುತ್ತಿರಲಿಲ್ಲ.

‘ರಾಷ್ಟ್ರೀಯ’, ‘ಸ್ತ್ರೀಶಕ್ತಿ’ಗಳಲ್ಲಿ ಎರಡು ಒತ್ತುಗಳು ಒಂದರ ಜೊತೆಗೊಂದು ಕೆಳಗೆ ಕೂರುತ್ತವೆ. ಅವು ಕೆಳಗಿನ ಸಾಲಿನ ಗುಡಿಸು, ಏತ್ವಗಳಿಗೆ ತಗುಲುತ್ತವೆಯೇ ಎಂದು ನೋಡಿ. ‘ಕಾರ್ಯಾಧ್ಯಕ್ಷ’ದಲ್ಲಿ ಅರ್ಕಾವತ್ತನ್ನು ಗಮನಿಸಿ. ಹಳೆಯ ಕಡತಗಳಲ್ಲಿ, ಅಂಗಡಿಯ ಫಲಕಗಳಲ್ಲಿ ‘ಕನಾ೯ಟಕ’ ಎಂದು ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತನ್ನು ಒತ್ತಿದ್ದನ್ನು ನೀವೂ ಕಂಡಿರುತ್ತೀರಿ. ಮೇಲ್ನೋಟಕ್ಕೆ ಎರಡೂ ಒಂದೇ ರೀತಿ ಕಂಡರೂ ಗಣಕಕ್ಕೆ ಅದು ಅಂಕಿ. ಹುಡುಕಿದರೆ ಪದ ಸಿಗುವುದಿಲ್ಲ, ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಅಲ್ಲಿ ಒಂಬತ್ತೇ ಕಾಣುತ್ತದೆ. ಅನುಸ್ವಾರದ ಸೊನ್ನೆಗೂ ಅಂಕಿಯ ಸೊನ್ನೆಗೂ ಇದೇ ಗೊಂದಲವಿದೆ.

ಕೊನೆಯ ಎರಡು ಪದಗಳು ಫಾಂಟಿನ ಜೊತೆಗೆ ಬೆರಳಚ್ಚು ಮಾಡಿದವರನ್ನೂ ಪರೀಕ್ಷಿಸುತ್ತವೆ. ‘ರಾಜ್’ ಮತ್ತು ‘ಕುಮಾರ್’ ನಡುವೆ ಝೀರೋ ವಿಡ್ತ್ ನಾನ್ ಜಾಯ್ನರ್ ಎಂಬ, ಕಣ್ಣಿಗೆ ಕಾಣದ ಗುರುತನ್ನು ಹಾಕದಿದ್ದರೆ ಹೆಸರು ‘ರಾಜ್ಕುಮಾರ್’ ಎಂದು ಕುಗ್ಗಿಹೋಗುತ್ತದೆ. ಸ್ವಂತ ಹೆಸರು ಹೀಗೆ ಮುರಿದು ಬಿದ್ದ ಪತ್ರವನ್ನು ಯಾರು ತಾನೇ ಗೌರವದಿಂದ ಓದುತ್ತಾರೆ? ಸದಸ್ಯರ ಹೆಸರುಗಳ ಪಟ್ಟಿಯಿದ್ದರೆ ಈ ಒಂದು ತಪಾಸಣೆಗೆ ಅರ್ಧ ದಿನ ಕೊಟ್ಟರೂ ನಷ್ಟವಿಲ್ಲ.

ನಾಲ್ಕನೆಯ ಹಂತ: ಗಾತ್ರ, ಸಾಲಿನ ಅಂತರ ಮತ್ತು ಒತ್ತು ಕೊಡುವ ಬಗೆ

ಇಂಗ್ಲಿಷ್ ಪತ್ರದ ಅಚ್ಚಿನೊಳಗೆ ಕನ್ನಡವನ್ನು ಸುರಿಯುವುದರಿಂದಲೇ ಬಹುಪಾಲು ತೊಂದರೆಗಳು ಹುಟ್ಟುತ್ತವೆ. ಒತ್ತಕ್ಷರಗಳಿಗೆ ಕೆಳಗೆ ಜಾಗ ಬೇಕಾದ್ದರಿಂದ ಕನ್ನಡದ ಸಾಲಿಗೆ ಹೆಚ್ಚು ಅಂತರ ಬೇಕು. ಅಕ್ಷರದ ಗಾತ್ರದ ಒಂದೂವರೆ ಪಟ್ಟಿನಿಂದ ಆರಂಭಿಸಿ, ಫಾಂಟನ್ನು ನೋಡಿಕೊಂಡು ಹಿಗ್ಗಿಸುವುದು ನನ್ನ ರೂಢಿ. ಕಾಗದದ ಮೇಲೆ ಹನ್ನೆರಡು ಪಾಯಿಂಟಿಗಿಂತ, ಹಿರಿಯರಿಗಾದರೆ ಹದಿನಾಲ್ಕಕ್ಕಿಂತ ಕೆಳಗೆ ಇಳಿಯುವುದಿಲ್ಲ. ಪಾಯಿಂಟ್ ಸಂಖ್ಯೆ ಒಂದೇ ಇದ್ದರೂ ಎರಡು ಫಾಂಟುಗಳಲ್ಲಿ ಅಕ್ಷರದ ನಿಜವಾದ ಎತ್ತರ ಬೇರೆಯಾಗಿರುವುದರಿಂದ ಸಂಖ್ಯೆಯನ್ನು ನಂಬದೆ ಅಚ್ಚಾದದ್ದನ್ನು ನೋಡಿಯೇ ನಿರ್ಧರಿಸಿ. ವಿಷಯ ಪುಟಕ್ಕೆ ಹಿಡಿಸದಿದ್ದರೆ ಅಕ್ಷರವನ್ನು ಕುಗ್ಗಿಸಬೇಡಿ, ವಾಕ್ಯವನ್ನು ಕತ್ತರಿಸಿ. ಸೂಚನೆಗಳಲ್ಲಿ ‘ಈ ಮೂಲಕ ತಮ್ಮ ಗಮನಕ್ಕೆ ತರಬಯಸುವುದೇನೆಂದರೆ’ ಎಂಬುದನ್ನು ತೆಗೆದರೇ ಒಂದು ಸಾಲು ಉಳಿಯುತ್ತದೆ.

ಒಂದು ಮಾತಿಗೆ ಒತ್ತು ಕೊಡಲು ಅಕ್ಷರವನ್ನು ಓರೆಯಾಗಿಸುವುದು ಇಂಗ್ಲಿಷಿನ ಪದ್ಧತಿ. ಕನ್ನಡದ ಅಚ್ಚಿನಲ್ಲಿ ಆ ರೂಢಿ ಬೇರೂರಿಲ್ಲ. ತಂತ್ರಾಂಶವು ಬಲವಂತದಿಂದ ವಾಲಿಸಿದ ಕನ್ನಡ ಗಾಳಿಗೆ ಬಿದ್ದ ಜೋಳದಂತೆ ಕಾಣುತ್ತದೆ. ದಪ್ಪಕ್ಷರ ಬಳಸಿ, ಆದರೆ ಫಾಂಟಿನಲ್ಲಿ ದಪ್ಪ ಆವೃತ್ತಿ ನಿಜವಾಗಿ ಇದೆಯೇ ಎಂದು ಖಚಿತಪಡಿಸಿಕೊಳ್ಳಿ. ಇಲ್ಲದಿದ್ದರೆ ತಂತ್ರಾಂಶವು ಗೆರೆಯನ್ನೇ ಊದಿಸಿ ಸೀಳು ಚುಕ್ಕೆಗಳನ್ನು ಮುಚ್ಚಿಬಿಡುತ್ತದೆ. ಕೆಂಪು ಬಣ್ಣ, ಅಡಿಗೆರೆ, ದಪ್ಪಕ್ಷರ, ಮೂರು ಆಶ್ಚರ್ಯಸೂಚಕ ಚಿಹ್ನೆಗಳು ಒಂದೇ ಸಾಲಿನಲ್ಲಿ ಬಂದರೆ ಅದು ವಾಟ್ಸಾಪ್ ವದಂತಿಯ ವೇಷ. ಅಡಿಗೆರೆಯಂತೂ ಕನ್ನಡದ ಒತ್ತಕ್ಷರಗಳನ್ನು ಮಧ್ಯಕ್ಕೇ ಕೊಯ್ಯುತ್ತದೆ.

ಕನ್ನಡ, ಇಂಗ್ಲಿಷ್ ಮತ್ತು ಅಂಕಿಗಳು ಒಂದೇ ಸಾಲಿನಲ್ಲಿ ಬರುವಾಗ ಇಂಗ್ಲಿಷ್ ಅಕ್ಷರ ದೊಡ್ಡದಾಗಿ, ಕಪ್ಪಗೆ ಎದ್ದು ಕಾಣದಂತೆ ಎರಡನ್ನೂ ಸರಿದೂಗಿಸಿ. ಅಂಕಿಗಳು ಕನ್ನಡದವಾದರೂ ಸರಿ, ಈಗ ಪತ್ರಿಕೆಗಳಲ್ಲಿ ರೂಢಿಯಲ್ಲಿರುವವಾದರೂ ಸರಿ. ಒಂದೇ ಪತ್ರದಲ್ಲಿ ಮೊತ್ತ ಒಂದು ಬಗೆ, ದಿನಾಂಕ ಇನ್ನೊಂದು ಬಗೆಯಾದರೆ ಯಾರೋ ಆಮೇಲೆ ತಿದ್ದಿದಂತೆ ತೋರುತ್ತದೆ. ಹಣದ ವಿಷಯದಲ್ಲಿ ಅಷ್ಟು ಸಂಶಯವೇ ಸಾಕು.

ಐದನೆಯ ಹಂತ: ಕೆಡದಂತೆ ತಲುಪಿಸಿ

ನುಡಿ, ಬರಹ ತಂತ್ರಾಂಶಗಳು ಕನ್ನಡವನ್ನು ಗಣಕಕ್ಕೆ ತಂದ ಉಪಕಾರ ದೊಡ್ಡದು. ಆದರೆ ಅವುಗಳ ಹಳೆಯ, ಯೂನಿಕೋಡ್ (ಎಲ್ಲ ಲಿಪಿಗಳಿಗೂ ಗಣಕಗಳು ಒಪ್ಪಿಕೊಂಡ ಏಕರೂಪದ ಸಂಕೇತಪದ್ಧತಿ) ಅಲ್ಲದ ಫಾಂಟುಗಳಲ್ಲಿ ಬೆರಳಚ್ಚಾದ ಕಡತದೊಳಗೆ ಇರುವುದು ಕನ್ನಡವಲ್ಲ, ಕನ್ನಡದ ತುಣುಕುಗಳ ಚಿತ್ರ ಹೊದ್ದ ರೋಮನ್ ಸಂಕೇತಗಳು. ಆ ಫಾಂಟ್ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಲ್ಯಾಟಿನ್ ಅಕ್ಷರಗಳ ರಾಶಿ ಬೀಳುತ್ತದೆ. ಆದ್ದರಿಂದ ಹೊಸದನ್ನೆಲ್ಲ ಯೂನಿಕೋಡ್‌ನಲ್ಲೇ ಬೆರಳಚ್ಚಿಸಿ. ಹಳೆಯದನ್ನು ಪರಿವರ್ತಿಸಿದ ಮೇಲೆ ಅರ್ಕಾವತ್ತು ಮತ್ತು ಒತ್ತಕ್ಷರಗಳನ್ನು ಕಣ್ಣಾರೆ ಪರಿಶೀಲಿಸಿ, ಏಕೆಂದರೆ ಪರಿವರ್ತಕಗಳು ಎಡವುವುದು ಹೆಚ್ಚಾಗಿ ಅಲ್ಲಿಯೇ.

ಪತ್ರವನ್ನು ಪಿಡಿಎಫ್ ಆಗಿ ಕಳುಹಿಸಿ, ಫಾಂಟ್ ಅದರೊಳಗೆ ಅಡಕವಾಗಿದೆಯೇ ಎಂದು ಕಡತದ ವಿವರಗಳಲ್ಲಿ ನೋಡಿ. ಜಾಲತಾಣವಾದರೆ ಫಾಂಟನ್ನು ತಾಣದಿಂದಲೇ ಒದಗಿಸಿ, ಅದು ಬರುವುದು ತಡವಾದಾಗ ಕಾಣಿಸಬೇಕಾದ ಬದಲಿ ಫಾಂಟನ್ನೂ ಹೆಸರಿಸಿ. ಬದಲಿಯಲ್ಲಿ ಸಾಲುಗಳು ಒಂದರ ಮೇಲೊಂದು ಏರಿದರೆ ಅಂತರವನ್ನು ಸರಿಪಡಿಸಿ. ವಾಟ್ಸಾಪ್‌ಗೆ ಚಿತ್ರವಾಗಿ ಕಳುಹಿಸುವುದಾದರೆ ಮೊದಲು ನಿಮ್ಮದೇ ಇನ್ನೊಂದು ಫೋನಿಗೆ ಕಳುಹಿಸಿ ನೋಡಿ. ದಾರಿಯಲ್ಲಿ ಚಿತ್ರ ಕುಗ್ಗಿ, ಠಕಾರದ ಚುಕ್ಕೆ ಅಲ್ಲೂ ಅಪಾಯಕ್ಕೆ ಸಿಕ್ಕಿರುತ್ತದೆ.

ಆರನೆಯ ಹಂತ: ಓದುಗರಿಂದ ಓದಿಸಿ, ಅಭಿಪ್ರಾಯ ಕೇಳಬೇಡಿ

‘ಯಾವ ಫಾಂಟ್ ಚೆನ್ನಾಗಿದೆ?’ ಎಂದು ಕೇಳಿದರೆ ಜನ ನಿಮ್ಮ ಮುಖ ನೋಡಿ ಉತ್ತರ ಕೊಡುತ್ತಾರೆ. ಬದಲಿಗೆ ಒಂದೇ ಸೂಚನೆಯನ್ನು ಎರಡು ಫಾಂಟುಗಳಲ್ಲಿ ಅಚ್ಚು ಹಾಕಿ, ಗಾತ್ರ, ಕಾಗದ, ಲಾಂಛನ ಎಲ್ಲವನ್ನೂ ಸಮವಾಗಿಟ್ಟು, ಹತ್ತು ಜನರಲ್ಲಿ ಐವರಿಗೆ ಒಂದನ್ನು, ಐವರಿಗೆ ಇನ್ನೊಂದನ್ನು ಕೊಡಿ. ಒಬ್ಬರಿಗೆ ಒಂದೇ ಪ್ರತಿ. ಎರಡನ್ನೂ ತೋರಿಸಿದರೆ ಅದು ಸೌಂದರ್ಯ ಸ್ಪರ್ಧೆಯಾಗುತ್ತದೆ. ಕೊನೆಯ ದಿನಾಂಕ ಯಾವುದು, ಯಾವ ಕಾಗದ ತರಬೇಕು, ಈ ಕೆಲಸಕ್ಕೆ ಎಷ್ಟು ಹೊತ್ತು ಹಿಡಿದೀತು, ಈ ಪತ್ರ ಬಂದರೆ ನೇರವಾಗಿ ಬರುತ್ತೀರೋ ಅಥವಾ ಮೊದಲು ಫೋನ್ ಮಾಡಿ ವಿಚಾರಿಸುತ್ತೀರೋ ಎಂದು ಕೇಳಿ. ಕೊನೆಯ ಪ್ರಶ್ನೆಯೇ ನಂಬಿಕೆಯ ಅಳತೆಗೋಲು. ಓದುವಾಗ ಅವರು ಎಲ್ಲಿ ತಡವರಿಸಿದರು, ಎಲ್ಲಿ ಕಾಗದವನ್ನು ಕಣ್ಣಿನ ಹತ್ತಿರ ತಂದರು ಎಂಬುದನ್ನು ಗುರುತು ಹಾಕಿಕೊಳ್ಳಿ. ಹತ್ತು ಜನರಿಂದ ಶೇಕಡಾವಾರು ಲೆಕ್ಕ ತೆಗೆಯಲಾಗದು, ತೆಗೆಯಲೂ ಬಾರದು. ಆದರೆ ಮೂವರು ಒಂದೇ ಪದದಲ್ಲಿ ಎಡವಿದರೆ ಅದು ಫಾಂಟಿನ ತೀರ್ಪು.

ಏಳನೆಯ ಹಂತ: ಎರವಲು ನಂಬಿಕೆ ಬೇಡ, ಬಳಸಿದ್ದನ್ನು ದಾಖಲಿಸಿಡಿ

ಸರ್ಕಾರಿ ಆದೇಶದಂತೆಯೇ ಕಾಣುವ ಅಕ್ಷರ, ಅದೇ ತಲೆಬರಹ, ಅದೇ ಅಂತರವನ್ನು ಖಾಸಗಿ ಪ್ರಕಟಣೆಗೆ ಬಳಸಿದರೆ ಒಮ್ಮೆ ಕೆಲಸ ಆದೀತು; ಸುಳ್ಳು ಸುತ್ತೋಲೆಗಳನ್ನು ಹರಡುವವರ ಉಪಾಯವೂ ಅದೇ ಆದ್ದರಿಂದ ಅದನ್ನು ಮುಟ್ಟಬೇಡಿ. ಅಲ್ಲದೆ ಅಕ್ಷರ ಸಾಕ್ಷಿಯನ್ನೂ ಹೇಳುತ್ತದೆ. 2017ರಲ್ಲಿ ಪಾಕಿಸ್ತಾನದ ಆಗಿನ ಪ್ರಧಾನಿಯ ಕುಟುಂಬದ ಆಸ್ತಿಗಳ ತನಿಖೆಯಲ್ಲಿ, 2006ರ ಫೆಬ್ರುವರಿಯ ದಿನಾಂಕ ಹೊತ್ತ ದಾಖಲೆಗಳು ಕ್ಯಾಲಿಬ್ರಿ ಫಾಂಟಿನಲ್ಲಿದ್ದುದು ದೊಡ್ಡ ವಿವಾದವಾಯಿತು. ಆ ಫಾಂಟ್ ಸಾರ್ವಜನಿಕ ಮಾರುಕಟ್ಟೆಗೆ ಬಂದದ್ದು 2007ರ ಜನವರಿ ಕೊನೆಯಲ್ಲಿ.

ಆರಿಸಿದ ಮೇಲೆ ಫಾಂಟಿನ ಹೆಸರು, ಆವೃತ್ತಿ, ಪರವಾನಗಿ, ಶೀರ್ಷಿಕೆ ಮತ್ತು ಒಡಲಿನ ಗಾತ್ರ, ಸಾಲಿನ ಅಂತರ, ಅಂಕಿಗಳ ಬಗೆ ಇವಿಷ್ಟನ್ನು ಒಂದು ಹಾಳೆಯಲ್ಲಿ ಬರೆದು, ಫಾಂಟ್ ಕಡತದ ಜೊತೆಗೆ ಕಚೇರಿಯ ಬೆರಳಚ್ಚುಗಾರರಿಗೆ ಕೊಡಿ. ಓದುಗರಿಗೆ ಒಂದು ಸಂಸ್ಥೆಯ ಪತ್ರ ವರ್ಷವರ್ಷವೂ ಒಂದೇ ರೂಪದಲ್ಲಿ ಬಂದಾಗ ಅದು ಸಹಿಯಂತೆ ಕೆಲಸ ಮಾಡುತ್ತದೆ. ಒಂದು ದಿನ ಬೇರೆ ರೂಪದ ಪತ್ರ ಬಂದರೆ ಅವರೇ ಮೊದಲು ಅನುಮಾನಿಸುತ್ತಾರೆ. ನಾನು ಆ ಸಂಘಕ್ಕೆ ಮರುವರ್ಷ ಕೊಟ್ಟ ಪತ್ರ ನೋಟೋ ಸ್ಯಾನ್ಸ್ ಕನ್ನಡದಲ್ಲಿ, ಹದಿನಾಲ್ಕು ಪಾಯಿಂಟಿನಲ್ಲಿ, ಎರಡು ಪುಟಗಳಲ್ಲಿತ್ತು. ಎರಡನೆಯ ಪುಟದ ಖರ್ಚಿಗೆ ಕಾರ್ಯದರ್ಶಿಗಳು ಸ್ವಲ್ಪ ಗೊಣಗಿದರು. ಪತ್ರ ಹಿಡಿದುಕೊಂಡು ವಿಚಾರಿಸಲು ಆ ಸಲ ಯಾರೂ ಬರಲಿಲ್ಲ, ಠೇವಣಿ ನವೀಕರಿಸಲು ಬಂದರು.